ಮಡಿಯೊಳಗಿನ ಕಿಂಡಿ

ಕಂತು ಹನ್ನೊಂದು

ಶಟರ್ ಅರ್ಧಕ್ಕೆ ಇಳಿದಿತ್ತು. ನೀಲಾಂಬಿಕಾ ಬಗ್ಗಿಕೊಂಡೇ ಒಳಗೆ ನುಗ್ಗಬೇಕಾಯಿತು. ಐವತ್ತನಾಲ್ಕು ವರ್ಷದ ಮಂಡಿ, ಬಗ್ಗು ಎಂದರೆ ಸುಲಭಕ್ಕೆ ಒಪ್ಪುವಂಥದ್ದಲ್ಲ. ಹೇಗೋ ಒಪ್ಪಿಸಿ ಒಳಗೆ ಬಂದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಶಟರ್ ನೆಲಕ್ಕೆ ಬಡಿಯಿತು. ಹೊರಗಿನಿಂದ ವಾಚ್‌ಮನ್ ಮಡಿವಾಳಪ್ಪ ಎರಡೂ ಬದಿಗೆ ಬೀಗ ಜಡಿದ ಸದ್ದು ಕೇಳಿಸಿತು.

"ಸಾಯಂಕಾಲ ಆರಕ್ಕೆ ತೆಗೀತಾನೆ ಮೇಡಂ, ಅಲ್ಲೀವರೆಗೂ ನಮ್ಮನ್ನ ಯಾರೂ ಕೇಳೋರಿಲ್ಲ," ಎಂದ ಮೇಲಿನ ಮಹಡಿಯ ಸಾಫ್ಟ್‌ವೇರ್ ಕಂಪನಿಯ ಮಾಲೀಕ ಗೋಪೀನಾಥ.

ಬಂದ್ ದಿನ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ ನಡೆಯುವುದೇ ಹೀಗೆ. ಹೊರಗೆ ಬೀಗ, ಒಳಗೆ ಜನ. ಘೋಷಣೆ ಕೂಗುತ್ತ ಬರುವವರು ಬೀಗ ನೋಡಿ ಸಮಾಧಾನಪಟ್ಟುಕೊಂಡು ಮುಂದಕ್ಕೆ ಹೋಗುತ್ತಾರೆ. ಒಳಗಿನವರು ಬೀದಿಗೆ ಸದ್ದು ಕೇಳದ ಹಾಗೆ ಗಡುವಿನ ಕೆಲಸ ಮುಗಿಸಿಕೊಳ್ಳುತ್ತಾರೆ. ನೆಲಮಹಡಿಯ ಲೇತ್ ಷೆಡ್ಡಿನವರು ಇದ್ದುದರಲ್ಲಿ ಪ್ರಾಮಾಣಿಕರು, ನಿಜವಾಗಿಯೇ ರಜ ಹಾಕಿ ಮನೆಗೆ ಹೋಗಿದ್ದರು.

ಮೂರು ವಾರದ ಹಿಂದೆ ಇದೇ ಕಟ್ಟಡದ ತಾರಸಿಯಿಂದ ಬಿದ್ದು ಸತ್ತ, ಕಂಪನಿಯ ಪ್ರೋಗ್ರಾಮರ್ ಚನ್ನವೀರೇಶ, ಇಲ್ಲಿ ತಯಾರಾಗುವ ಕಾಲೇಜು ಸೀಟು ಹಂಚಿಕೆಯ ಪಟ್ಟಿ ತಿದ್ದಿದ್ದ, ಸಿಕ್ಕಿಬೀಳುವ ಭಯಕ್ಕೆ ಹಾರಿಕೊಂಡ ಎಂದು ಪೊಲೀಸರು ಹೇಳುತ್ತಿದ್ದರು. ಅವನ ಹೆಂಡತಿ ಬಸವರಾಜೇಶ್ವರಿ ಮಾತ್ರ ಅದನ್ನು ಒಪ್ಪದೆ, ನಿಜ ಹುಡುಕಿಕೊಡಿ ಎಂದು ನೀಲಾಂಬಿಕಾರ ಬಳಿ ಬಂದಿದ್ದಳು.

ನಾಳೆ ಬೆಳಿಗ್ಗೆ ಗೋಪೀನಾಥ ತನ್ನ ಹೇಳಿಕೆಗೆ ಸಹಿ ಹಾಕಿದರೆ ಫೈಲು ಮುಚ್ಚುತ್ತದೆ. ಆಮೇಲೆ ಗೋವಿಂದರಾಜನಗರದ ಆ ಬಾಡಿಗೆ ಮನೆಯಲ್ಲಿ ಆಕೆ ಕಳ್ಳನ ಹೆಂಡತಿ ಅನ್ನಿಸಿಕೊಂಡೇ ಬದುಕಬೇಕು. ಸತ್ತವನ ಹೆಸರು ಉಳಿಸುವುದಕ್ಕೆ ನೀಲಾಂಬಿಕಾರ ಕೈಯಲ್ಲಿ ಉಳಿದಿದ್ದದ್ದು ಇದೊಂದೇ ದಿನ.

ಬಂದ್ ದಿನವೇ ಬನ್ನಿ ಎಂದು ಕರೆದವನು ಗೋಪೀನಾಥನೇ. ಹುಡುಗರು ಯಾರೂ ಇರುವುದಿಲ್ಲ, ಬೇಕಾದ ಮಷೀನು ನೋಡಿಕೊಳ್ಳಿ, ನಿಮಗೆ ಅರ್ಥವಾಗದ್ದನ್ನು ಹೇಳಿಕೊಡಲು ಅಮರೇಶನನ್ನು ಕರೆಸಿರುತ್ತೇನೆ ಎಂದಿದ್ದ. ಇಷ್ಟು ಸಹಕಾರ ಕೊಡುವ ಮಾಲೀಕರನ್ನು ನೀಲಾಂಬಿಕಾ ಹಿಂದೆ ಕಂಡಿರಲಿಲ್ಲ. ಅನುಮಾನ ಬರಬೇಕಿತ್ತು. ಬರಲಿಲ್ಲ ಎನ್ನುವುದು ಅವರ ಬುದ್ಧಿವಂತಿಕೆಗೆ ಶೋಭೆಯಲ್ಲ, ಆದರೂ ಇದ್ದದ್ದನ್ನು ಹೇಳಬೇಕಲ್ಲ.

ಮೇಲಿನ ಹಾಲಿನಲ್ಲಿ ಹತ್ತು ಮೇಜು, ಒಂದು ಮೂಲೆಗೆ ಗೋಪೀನಾಥನ ಗಾಜಿನ ಕ್ಯಾಬಿನ್. ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್. ತಾರಸಿಯ ಬಾಗಿಲಿಗೆ ಪೊಲೀಸರು ಹಾಕಿದ ಸೀಲು ಹಾಗೇ ಇತ್ತು. ಬರಲು ಹೋಗಲು ಇರುವುದು ಕೆಳಗಿನ ಶಟರ್ ಒಂದೇ ಎಂಬುದನ್ನು ಅವರು ಹಳೆಯ ಅಭ್ಯಾಸದಂತೆ ಮೊದಲೇ ನೋಡಿಕೊಂಡರು.

ಅಮರೇಶ ಕೊನೆಯ ಮೇಜಿನಲ್ಲಿ ಕೂತಿದ್ದ. ಲಿಂಗಸಗೂರಿನ ಕಡೆಯವನು, ಇಪ್ಪತ್ತಾರು ವಯಸ್ಸು. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಚನ್ನವೀರೇಶನ ಪಕ್ಕದಲ್ಲೇ ಎರಡು ವರ್ಷ ಕೂತು ವಿದ್ಯೆ ಕಲಿತವನು. ಮೂರು ವಾರದಿಂದ ನಿದ್ದೆ ಮಾಡಿದವನ ಮುಖ ಅದಲ್ಲ.

ಮೊದಲು 'ಮಡಿ' ಅಂದರೇನು ಹೇಳಪ್ಪ ಎಂದು ನೀಲಾಂಬಿಕಾ ಕುರ್ಚಿ ಎಳೆದುಕೊಂಡರು. ಕೇಸಿನ ಕಾಗದಗಳಲ್ಲೆಲ್ಲ ಆ ಹೆಸರು ಬಂದಿತ್ತು. ಚನ್ನವೀರೇಶ ಬರೆದ ಪ್ರೋಗ್ರಾಮ್ ಲೈಬ್ರರಿ ಅಂತಷ್ಟೇ ಅವರಿಗೆ ಗೊತ್ತು.

ಅಮರೇಶ ಹೇಳತೊಡಗಿದಾಗ ಅವನ ದನಿಗೆ ಸ್ವಲ್ಪ ಜೀವ ಬಂತು. ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಸಿದ್ಧ ಮಾಡಿಟ್ಟ ಲೆಕ್ಕದ ತುಂಡುಗಳು. ಯಾರು ಬೇಕಾದರೂ ತೆಗೆದು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದು. ಬರೆದಿದ್ದು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ. ಈ ಆಫೀಸಿನಲ್ಲಿ ಅದನ್ನು ಬಲ್ಲವರು ಇಬ್ಬರೇ ಇದ್ದರು, ಈಗ ಒಬ್ಬನೇ.

ಆ ಹೆಸರಿಗೂ ಒಂದು ಕತೆಯಿತ್ತು. ಚನ್ನವೀರೇಶ ದಾವಣಗೆರೆಯ ಲಿಂಗಾಯತರವನು, ಅವನ ಮನೆಯಲ್ಲಿ ಮಡಿಯ ಮಾತೇ ಇಲ್ಲ. ಓದುವಾಗ ಬಸವೇಶ್ವರನಗರದಲ್ಲಿ ಒಬ್ಬ ಅಜ್ಜಿಯ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ. ಸ್ನಾನವಾಗಿ ಒಲೆ ಹಚ್ಚಿದರೆ ಅಡುಗೆ ಮುಗಿಯುವ ತನಕ ಆಕೆ ಹೊರಗಿನ ಒಂದು ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ಅಜ್ಜಿಯ ರಗಳೆಗೆ ರೋಸಿಹೋಗಿದ್ದ, ಆದರೆ ಆ ಕ್ರಮ ಮಾತ್ರ ಅವನ ತಲೆಯಲ್ಲಿ ಕೂತುಬಿಟ್ಟಿತು. ಅವನ ಲೈಬ್ರರಿಯೂ ಹಾಗೆಯೇ. ಕೈಗೆ ಕೊಟ್ಟದ್ದನ್ನು ತೆಗೆದುಕೊಂಡು ಉತ್ತರ ಕೊಡುತ್ತದೆ. ಗಡಿಯಾರ ನೋಡುವುದಿಲ್ಲ, ಫೈಲು ತೆರೆಯುವುದಿಲ್ಲ, ಎಲ್ಲಿಯೂ ಏನನ್ನೂ ಬರೆದಿಡುವುದಿಲ್ಲ.

"ಒಳಗೆ ಹೋಗೋದು ಮಾರ್ಕ್ಸೋ ಟೊಮೆಟೊ ರೇಟೋ ಅನ್ನೋದೂ ಅದಕ್ಕ ಗೊತ್ತಿರಂಗಿಲ್ರಿ ಮೇಡಂ," ಎಂದ ಅಮರೇಶ. "ಏನು ಕೊಟ್ರೂ ಅದೇ ನಿಯಮದಾಗ ಜೋಡಿಸಿ ಕೊಡ್ತದ. ನಿನ್ನೆ ಕೊಟ್ಟಿದ್ದನ್ನೇ ಇವತ್ತು ಕೊಟ್ರ ನಿನ್ನೆ ಬಂದ ಉತ್ತರಾನೇ ಬರಬೇಕು."

ವಿಜಯನಗರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟು, ಸಾಕೆನಿಸಿ ರಾಜೀನಾಮೆ ಬಿಸಾಕಿ, ಚಂದ್ರಾ ಲೇಔಟಿನ ಮನೆ ಗೇಟಿಗೆ 'ಖಾಸಗಿ ತನಿಖೆ' ಎಂದು ಬೋರ್ಡು ನೇತುಹಾಕಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಿರಲಿಲ್ಲ. ಅವರು ಕೈಚೀಲದಿಂದ ಎರಡು ಪಟ್ಟಿ ತೆಗೆದು ಮೇಜಿನ ಮೇಲೆ ಹರಡಿದರು. ಚನ್ನವೀರೇಶ ಸತ್ತ ಗುರುವಾರ ಬೆಳಿಗ್ಗೆ ಮುದ್ರಿಸಿದ್ದು ಒಂದು, ಮರುದಿನ ಕಾಲೇಜುಗಳಿಗೆ ಹೋದದ್ದು ಇನ್ನೊಂದು. ಅರ್ಜಿ ಸಂಖ್ಯೆ 4417 ಮೊದಲಿನದರಲ್ಲಿ ಇನ್ನೂರ ಹದಿನಾಲ್ಕನೆಯ ಸ್ಥಾನದಲ್ಲಿತ್ತು, ಎರಡನೆಯದರಲ್ಲಿ ಒಂಬತ್ತನೆಯದಕ್ಕೆ ಏರಿ ಕೂತಿತ್ತು.

ಹಾಗಾದರೆ ತಿದ್ದಿದ್ದು ಲೈಬ್ರರಿಯನ್ನಲ್ಲ, ಅದಕ್ಕೆ ಕೊಟ್ಟ ಅಂಕಗಳನ್ನು ಎಂದರು ನೀಲಾಂಬಿಕಾ. ಅಮರೇಶ ತಲೆಯಾಡಿಸಿದ. ಪೊಲೀಸರಿಗೆ ಇದನ್ನೇ ಹೇಳಿದ್ದನಂತೆ, ಅವರು ಅವನನ್ನು ಮೇಲಿಂದ ಕೆಳಗೆ ನೋಡಿ ಕಳಿಸಿದ್ದರಂತೆ. ಅಂಕಗಳನ್ನು ತಿದ್ದುವ ಅನುಮತಿ ಈ ಆಫೀಸಿನಲ್ಲಿ ಎಲ್ಲರಿಗೂ ಇತ್ತು, ಅದರಿಂದ ಯಾರ ಕಡೆಗೂ ಬೊಟ್ಟು ಮಾಡುವಂತಿರಲಿಲ್ಲ.

ನನ್ನೆದುರು ಒಮ್ಮೆ ಓಡಿಸಿ ತೋರಿಸು ಎಂದರು. ಗುರುವಾರ ಬೆಳಗಿನ ಅಂಕಗಳನ್ನು ಕೊಟ್ಟು ಅಮರೇಶ ಲೆಕ್ಕ ಓಡಿಸಿದ. ಮೊದಲ ಪಟ್ಟಿಯೇ ಅಕ್ಷರ ತಪ್ಪದೆ ಬಂತು. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಅದೇ ಬಂತು.

ಅವನು ಪರದೆಯ ಪಟ್ಟಿ ನೋಡುತ್ತಿದ್ದ. ನೀಲಾಂಬಿಕಾ ಪಕ್ಕದಲ್ಲಿ ತೆರೆದಿದ್ದ, ಆಫೀಸಿನವರೆಲ್ಲ ಬಳಸುವ ಫೋಲ್ಡರನ್ನು ನೋಡುತ್ತಿದ್ದರು. ಪ್ರತಿ ಫೈಲಿನ ಮುಂದೆಯೂ ಅದು ಕೊನೆಯ ಬಾರಿ ಬದಲಾದ ದಿನ, ಹೊತ್ತು ಇರುತ್ತದಲ್ಲ. 'ಟೆಂಪ್' ಎಂಬ ಫೈಲಿನ ಮುಂದೆ ಇವತ್ತಿನ ತಾರೀಖು, ಒಂದು ಗಂಟೆ ಹನ್ನೊಂದು ನಿಮಿಷ ಎಂದಿತ್ತು. ಅವರ ಕೈಗಡಿಯಾರದಲ್ಲೂ ಒಂದು ಹನ್ನೊಂದೇ ಆಗಿತ್ತು.

"ಅಮರೇಶ, ನಿಮ್ಮ ಮಡಿ ಹೊರಗಿನದೇನನ್ನೂ ಮುಟ್ಟಲ್ಲ ಅಂದೆ. ಈಗ ಅದು ಓಡಿದ ನಿಮಿಷಕ್ಕೇ ಈ ಫೈಲು ಯಾಕೆ ಬದಲಾಯ್ತು?"

ಮೌಸ್ ಹಿಡಿದ ಅಮರೇಶನ ಕೈ ನಿಂತಲ್ಲೇ ನಿಂತಿತ್ತು. ಗಾಜಿನ ಕ್ಯಾಬಿನ್ನಿನಲ್ಲಿ ಗೋಪೀನಾಥ ಬೆನ್ನು ತಿರುಗಿಸಿಕೊಂಡು ಯಾರೊಂದಿಗೋ ಮೊಬೈಲಿನಲ್ಲಿ ಮಾತಾಡುತ್ತಿದ್ದ.

ನೀಲಾಂಬಿಕಾ ಕಾದರು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದ ಹುಡುಗರನ್ನು ಅವರು ಸಾಕಷ್ಟು ಕಂಡಿದ್ದರು. ಅಂಥವರನ್ನು ಗದರಿಸಿದರೆ ಕೆಲಸ ಕೆಡುತ್ತದೆ.

ಕೊನೆಗೂ ಅಮರೇಶ ಬಾಯಿಬಿಟ್ಟ. ಎರಡು ತಿಂಗಳ ಹಿಂದೆ ಪ್ರೋಗ್ರಾಮಿನಲ್ಲಿನ ಒಂದು ತಪ್ಪು ಅವನನ್ನು ಮೂರು ದಿನ ಕಾಡಿತ್ತು. ಮಡಿಯ ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ, ಅದರ ಗುಣವೇ ಅದು. ಗುರುವನ್ನು ಕೇಳಲು ನಾಚಿಕೆ. ಆ ಭಾಷೆಯಲ್ಲಿ ಯಾರೂ ಬಳಸಬಾರದ, ಆದರೆ ಎಲ್ಲರಿಗೂ ಗೊತ್ತಿರುವ ಒಂದು ಕಳ್ಳದಾರಿಯಿತ್ತು. ಅದನ್ನು ಹಿಡಿದು ಅವನು ಒಳಗೊಂದು ಕಿಂಡಿ ಕೊರೆದ. ಲೆಕ್ಕ ಓಡಿದಾಗಲೆಲ್ಲ ಹೊತ್ತು, ಯಾವ ಮಷೀನು, ಮೊದಲ ಹತ್ತು ಸ್ಥಾನ ಯಾರಿಗೆ ಎಂಬ ಒಂದು ಸಾಲು ಈ ಫೈಲಿಗೆ ಬಂದು ಬೀಳುವಂತೆ ಮಾಡಿದ. ಮೂರನೇ ದಿನ ತಪ್ಪು ಸಿಕ್ಕಿತು. ಆ ಖುಷಿಯಲ್ಲಿ ಕಿಂಡಿ ಮುಚ್ಚುವುದನ್ನೇ ಮರೆತ.

"ಚನ್ನಣ್ಣಗ ಅದು ಸಿಕ್ಕಿದ್ದು ಆ ಗುರುವಾರನೇ ರೀ," ಎಂದ ಅಮರೇಶ. "ಎರಡೂ ಮುಕ್ಕಾಲಿಗೆ ಟೆರೇಸಿಗೆ ಕರಕೊಂಡು ಹೋಗಿ ಬೈದ್ರು. ನನ್ನ ಐದು ವರ್ಷದ ಕೆಲಸಾನ ನೀ ಒಂದು ಸಾಲಿನಾಗ ಹಾಳು ಮಾಡಿದಿ ಅಂದ್ರು. ನಾ ಕೆಳಗ ಬಂದೆ, ಅವರು ಮ್ಯಾಲೇ ಉಳದ್ರು. ಇಷ್ಟ ರೀ ಮೇಡಂ. ಆಮ್ಯಾಲ ಅವರು ಬಿದ್ದದ್ದನ್ನ ನಾ ನೋಡಿಲ್ಲ."

ಕೊನೆಯದಾಗಿ ಚನ್ನವೀರೇಶನ ಜೊತೆಗಿದ್ದವನು ತಾನೇ ಎಂಬುದನ್ನು ಅವನು ಮೂರು ವಾರ ಯಾರಿಗೂ ಹೇಳಿರಲಿಲ್ಲ. ನೀಲಾಂಬಿಕಾರಿಗೆ ಸಿಟ್ಟು ಬಂತು, ಮರುಕವೂ ಬಂತು. ಎರಡನ್ನೂ ಬದಿಗಿಟ್ಟು ಆ ಫೈಲನ್ನು ತೆರೆಯಲು ಹೇಳಿದರು.

ನಾನೂರಕ್ಕೂ ಹೆಚ್ಚು ಸಾಲುಗಳಿದ್ದವು, ಓದಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆ ಗುರುವಾರದ್ದು ಎರಡೇ. ಬೆಳಿಗ್ಗೆ ಹನ್ನೊಂದೂ ಐದಕ್ಕೆ ಚನ್ನವೀರೇಶನ ಮೇಜಿನ ಮಷೀನು, ಮೊದಲ ಹತ್ತರಲ್ಲಿ 4417 ಇಲ್ಲ. ಸಂಜೆ ನಾಲ್ಕೂ ನಲವತ್ತಕ್ಕೆ ಗೋಪೀನಾಥನ ಕ್ಯಾಬಿನ್ನಿನ ಮಷೀನು, ಒಂಬತ್ತನೆಯ ಸ್ಥಾನದಲ್ಲಿ 4417.

ಚನ್ನವೀರೇಶ ಬಿದ್ದದ್ದು ಮೂರೂ ಹತ್ತಕ್ಕೆ. ಕೆಳಗೆ ಲೇತಿನವರು ಚಹಾ ಕುಡಿಯುತ್ತಿದ್ದ ಹೊತ್ತು, ಆರು ಜನ ಕಣ್ಣಾರೆ ಕಂಡಿದ್ದರು. ಸತ್ತು ಒಂದೂವರೆ ಗಂಟೆಯಾದ ಮೇಲೆ ಯಾರೂ ಪಟ್ಟಿ ತಿದ್ದಲಾರರು. ಬಸವರಾಜೇಶ್ವರಿಯ ಗಂಡ ಕಳ್ಳನಲ್ಲ. ಯಾರೋ ಮುಚ್ಚಲು ಮರೆತ ಒಂದು ಕಿಂಡಿ ಅದನ್ನು ಕಪ್ಪುಬಿಳುಪಿನಲ್ಲಿ ಹೇಳುತ್ತಿತ್ತು. ನೀಲಾಂಬಿಕಾ ಕನ್ನಡಕ ತೆಗೆದು ಒರೆಸಿಕೊಂಡರು.

"ಏನೋ ಸಿಕ್ಕಿದ ಹಾಗಿದೆಯಲ್ಲ ಮೇಡಂ."

ಗೋಪೀನಾಥ ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಬೇಕರಿಯ ಖಾರಾ ಬನ್ನಿನ ಪೊಟ್ಟಣ ಹಿಡಿದು ಹಿಂದೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನೀಲಾಂಬಿಕಾ ಎರಡೂ ಸಾಲುಗಳನ್ನು ತೋರಿಸಿ, ನಾಲ್ಕೂ ನಲವತ್ತಕ್ಕೆ ನಿಮ್ಮ ಕ್ಯಾಬಿನ್ನಿನಲ್ಲಿ ಯಾರಿದ್ದರು ಎಂದು ನೇರವಾಗಿಯೇ ಕೇಳಿದರು.

ಅವನು ಮೂರು ಲೋಟಕ್ಕೆ ಕಾಫಿ ಬಗ್ಗಿಸಿದ. ಆ ಹೊತ್ತಿಗೆ ತಾನು ಆಸ್ಪತ್ರೆಯಲ್ಲಿ ಪೊಲೀಸರ ಪಕ್ಕದಲ್ಲೇ ಇದ್ದೆ, ಅವರ ಕಾಗದದಲ್ಲೇ ತನ್ನ ಸಹಿ ಇದೆ ಎಂದ. ಆಫೀಸಿನ ಹುಡುಗರೆಲ್ಲ ಆಸ್ಪತ್ರೆಗೆ ಬಂದಿದ್ದರು. ಕ್ಯಾಬಿನ್ನಿಗೆ ಬೀಗ ಹಾಕುವ ಪದ್ಧತಿ ಇಲ್ಲಿಲ್ಲ. ಇಷ್ಟು ಹೇಳಿ ಒಂದು ಲೋಟವನ್ನು ಅಮರೇಶನ ಮುಂದೆ ಇಟ್ಟ.

"ಆಫೀಸ್ ನೋಡ್ಕೋತೀನಿ ಅಂತ ಒಬ್ಬನೇ ಉಳ್ಕೊಂಡಿದ್ದು ನೀನೇ ಅಲ್ವಾ ಅಮರೇಶ?"

ಅಮರೇಶ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಕೆಳಗ ಇಳಿದು ಅವರನ್ನ ಹಂಗ ನೋಡಾಕ ಆಗಲಿಲ್ರಿ. ನನ್ನ ಮೇಜಿನ್ಯಾಗೇ ಕುಂತಿದ್ದೆ. ತಲಿ ಮ್ಯಾಲೆತ್ತಿಲ್ಲ, ಕ್ಯಾಬಿನ್ನಿಗೆ ಯಾರು ಬಂದ್ರೋ ಹೋದ್ರೋ ನನಗ ಗೊತ್ತಿಲ್ಲ."

ಹೇಳುತ್ತ ಹೇಳುತ್ತ ತನ್ನ ಮಾತು ಎಷ್ಟು ಪೊಳ್ಳಾಗಿ ಕೇಳಿಸುತ್ತಿದೆ ಎಂಬುದು ಅವನಿಗೇ ತಿಳಿಯಿತು. ತಾರಸಿಯಲ್ಲಿ ಜಗಳವಾಡಿದವನು ಅವನು. ಆಫೀಸಿನಲ್ಲಿ ಒಬ್ಬನೇ ಇದ್ದವನು ಅವನು. ಲೈಬ್ರರಿಗೆ ಕಳ್ಳದಾರಿ ಕೊರೆದವನೂ ಅವನೇ. ಸತ್ತವನನ್ನು ಬಿಡಿಸುವ ಸಾಲು ಬದುಕಿದ್ದವನನ್ನು ಕಟ್ಟಿಹಾಕಿತ್ತು. ಅದನ್ನು ಹುಡುಕಿ ತೆಗೆದವರು ನೀಲಾಂಬಿಕಾ.

ಅವರು ಎದ್ದು ಕಿಟಕಿಯ ಬಳಿ ಹೋದರು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಎದುರಿನ ಕಾರ್ಖಾನೆಯ ಗೇಟಿಗೂ ಬೀಗ. ದೂರದಲ್ಲೆಲ್ಲೋ ಟೈರು ಸುಟ್ಟ ವಾಸನೆ ಬರುತ್ತಿತ್ತು. ಈ ಹುಡುಗ ಸುಳ್ಳು ಹೇಳುತ್ತಿಲ್ಲ ಎಂದು ಮನಸ್ಸು ಹೇಳುತ್ತಿತ್ತು, ಆದರೆ ಮನಸ್ಸು ಹೇಳಿದ್ದನ್ನು ಯಾವ ಕೋರ್ಟೂ ಬರೆದುಕೊಳ್ಳುವುದಿಲ್ಲ.

"ಮೇಡಂ," ಅಮರೇಶ ಕರೆದ. ದನಿ ವಿಚಿತ್ರವಾಗಿತ್ತು. "ಫೈಲಿಗೆ ಇನ್ನೊಂದು ಸಾಲು ಬಿತ್ರಿ."

ಅವನ ಎರಡೂ ಕೈ ಇನ್ನೂ ತಲೆಯ ಮೇಲೇ ಇದ್ದವು. ಗೋಪೀನಾಥನ ಕೈಯಲ್ಲಿ ಕಾಫಿ ಲೋಟವಿತ್ತು. ಕೀಬೋರ್ಡನ್ನು ಯಾರೂ ಮುಟ್ಟಿರಲಿಲ್ಲ.

ಇವತ್ತಿನ ತಾರೀಖು. ಎರಡು ಗಂಟೆ ಹದಿನೇಳು ನಿಮಿಷ. ಒಂಬತ್ತನೆಯ ಸ್ಥಾನದಲ್ಲಿ 4417. ಮಷೀನಿನ ಹೆಸರನ್ನು ಅಮರೇಶ ಎರಡು ಸಲ ಓದಿದ. ಅದು ಚನ್ನವೀರೇಶನ ಮನೆಯ ಕಂಪ್ಯೂಟರು. ಅವನು ಮನೆಯಿಂದಲೂ ಕೆಲಸ ಮಾಡಲೆಂದು ಬ್ರಾಡ್‌ಬ್ಯಾಂಡಿನಲ್ಲಿ ಆಫೀಸಿಗೆ ಜೋಡಿಸಿಕೊಂಡಿದ್ದು, ಇನ್ನೂ ಯಾರೂ ಕಿತ್ತಿರಲಿಲ್ಲ.

ನೀಲಾಂಬಿಕಾರಿಗೆ ಒಂದು ಕ್ಷಣ ಹಗುರವೆನಿಸಿತು. ಅಮರೇಶ ತನ್ನ ಕಣ್ಣೆದುರಿಗೇ ಕೂತಿದ್ದಾನೆ, ಅದೇ ಹೊತ್ತಿಗೆ ತಿದ್ದಿದ ಪಟ್ಟಿ ಇನ್ನೆಲ್ಲೋ ಓಡುತ್ತಿದೆ. ತಿದ್ದಿದವನು ಬೇರೆಯವನು ಎನ್ನುವುದಕ್ಕೆ ಇದಕ್ಕಿಂತ ಏನು ಬೇಕು. ಆಮೇಲೆ ಬಸವರಾಜೇಶ್ವರಿಯ ನೆನಪಾಯಿತು. ಗಂಡ ಹೋದ ಮೇಲೆ ಆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿಟ್ಟಿದ್ದೇನೆ, ಹಚ್ಚಲು ಮನಸ್ಸು ಬರುವುದಿಲ್ಲ ಎಂದಿದ್ದಳು. ಮನೆಯಲ್ಲಿ ಆಕೆ ಒಬ್ಬಳೇ ಇರುವುದು.

ಮೊಬೈಲ್ ತೆಗೆದು ಆಕೆಯ ಮನೆಯ ನಂಬರು ಒತ್ತಿದರು. ಐದನೇ ರಿಂಗಿಗೆ ಆಕೆ ಎತ್ತಿಕೊಂಡಳು, ದನಿ ಮಾಮೂಲಿಯಾಗಿಯೇ ಇತ್ತು.

"ನಿಮಗೇ ಫೋನ್ ಮಾಡೋಣ ಅಂತಿದ್ದೆ ಮೇಡಂ. ನೀವು ಕಳಿಸಿದವರು ಬಂದು ಅರ್ಧ ಗಂಟೆ ಆಯ್ತು. ಕಂಪ್ಯೂಟರ್ ಮುಂದೆ ಕೂತಿದಾರೆ. ಕಾಫಿ ಕೊಟ್ರೆ ಬೇಡ ಅಂದ್ರು."

ನೀಲಾಂಬಿಕಾ ಕಷ್ಟಪಟ್ಟು ದನಿ ತಗ್ಗಿಸಿದರು. "ನಾನು ಯಾರನ್ನೂ ಕಳಿಸಿಲ್ಲಮ್ಮ. ಹೆಸರೇನು ಹೇಳಿದ್ರು?"

ಬಸವರಾಜೇಶ್ವರಿಯ ದನಿಯೂ ತಗ್ಗಿತು.

"ಅಮರೇಶ ಅಂತ. ಇವರ ಜೊತೆ ಕೆಲಸ ಮಾಡ್ತಿದ್ದ ಅಮರೇಶ. ನಾನು ಅವರನ್ನ ಹಿಂದೆ ನೋಡಿರಲಿಲ್ಲ, ಹೆಸರು ಮಾತ್ರ ಇವರು ದಿನಾ ಹೇಳ್ತಿದ್ರು. ಅವರೇ ಅಲ್ವಾ ಮೇಡಂ?"

"ಏನೂ ತೋರಿಸ್ಕೋಬೇಡಿ. ಹಾಲು ತರ್ತೀನಿ ಅಂತ ಹೇಳಿ ಪಕ್ಕದ ಮನೆಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಈಗಲೇ."

ಆಕೆ ಕೇಳಿಸಿಕೊಂಡಳೋ ಇಲ್ಲವೋ. ಕುರ್ಚಿ ಸರಿದ ಸದ್ದಾಯಿತು, ಗಂಡಸಿನ ದನಿಯೊಂದು ಹತ್ತಿರದಲ್ಲೇ ಏನೋ ಕೇಳಿತು, ಫೋನು ಕಟ್ಟಾಯಿತು. ಮತ್ತೆ ಒತ್ತಿದರೆ ರಿಂಗಾಗುತ್ತಲೇ ಹೋಯಿತು, ಯಾರೂ ಎತ್ತಲಿಲ್ಲ. ಪೊಲೀಸ್ ಠಾಣೆಯ ನಂಬರು ಎಂಗೇಜು. ಬಂದ್ ದಿನ ಅದು ಎಂಗೇಜಾಗಿರದಿದ್ದರೇ ಆಶ್ಚರ್ಯ.

ಅಮರೇಶ ಎದ್ದು ನಿಂತಿದ್ದ. ಫೋನಿನಲ್ಲಿ ಕೇಳಿದ ಹೆಸರನ್ನು ನೀಲಾಂಬಿಕಾ ಹೇಳುವಷ್ಟರಲ್ಲಿ ಅವನಿಗೂ ಅರ್ಥವಾಗಿತ್ತು. ಸತ್ತವನ ಮನೆಗೆ ಹೋಗಿ, ಸತ್ತವನ ಮಷೀನಿನಲ್ಲಿ ತಿದ್ದಿದ ಪಟ್ಟಿ ಓಡಿಸಿದವನ ಹೆಸರು ಅಮರೇಶ. ಆ ಮನೆಯ ಹೆಂಗಸಿಗೆ ಏನಾದರೂ ಆದರೆ ಅಲ್ಲಿದ್ದವನೂ ಅಮರೇಶ.

ನೀಲಾಂಬಿಕಾ ಗೋಪೀನಾಥನ ಕಡೆಗೆ ತಿರುಗಿದರು. ಮಡಿವಾಳಪ್ಪನಿಗೆ ಫೋನ್ ಮಾಡಿ ಶಟರ್ ತೆಗೆಸಿ ಎಂದರು. ಗೋವಿಂದರಾಜನಗರ ಇಲ್ಲಿಂದ ಗಾಡಿಯಲ್ಲಿ ಹತ್ತು ನಿಮಿಷದ ದಾರಿ, ನಡೆದರೂ ಮುಕ್ಕಾಲು ಗಂಟೆ.

ಅವನು ಬನ್ನು ಮುರಿದು ಬಾಯಿಗಿಟ್ಟುಕೊಂಡ. ಮಡಿವಾಳಪ್ಪ ಬೀಗ ಹಾಕಿದ ಮೇಲೆ ಕೆಂಗೇರಿಯ ತನ್ನ ಮನೆಗೆ ಹೋಗಿರುತ್ತಾನೆ, ಆರು ಗಂಟೆಗೆ ಮುಂಚೆ ಬರುವುದಿಲ್ಲ ಎಂದ. ಮಾತಿನಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಫೈಲಿಗೆ ಬಿದ್ದ ಹೊಸ ಸಾಲಿನ ಕಡೆ ಅವನು ಒಮ್ಮೆಯೂ ನೋಡಿರಲಿಲ್ಲ ಎಂಬುದು ನೀಲಾಂಬಿಕಾರಿಗೆ ಆಗ ಹೊಳೆಯಿತು.

ಮೂರು ಜನ, ಇಡೀ ದಿನ, ಒಂದೇ ಬಾಗಿಲು. ಆ ಬೀಗ ಬೀದಿಯವರಿಗೆಂದು ಹಾಕಿದ್ದಲ್ಲ.

"ಇದು ನಡೆಯೋದಿಲ್ಲ ಗೋಪೀನಾಥ್," ಎಂದರು. "ಬೆಳಿಗ್ಗೆಯಿಂದ ಅಮರೇಶ ನನ್ನ ಎದುರಿಗೇ ಇದ್ದಾನೆ. ಎರಡೂ ಹದಿನೇಳಕ್ಕೆ ಅವನು ಈ ಆಫೀಸಲ್ಲಿದ್ದ ಅಂತ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳ್ತೀನಿ."

ಗೋಪೀನಾಥ ಕೈಗೆ ಅಂಟಿದ್ದ ಬನ್ನಿನ ಪುಡಿಯನ್ನು ನಿಧಾನವಾಗಿ ಕರವಸ್ತ್ರಕ್ಕೆ ಒರೆಸಿಕೊಂಡ.

"ಯಾವ ಆಫೀಸಲ್ಲಿ ಮೇಡಂ?" ಎಂದ. "ಇವತ್ತು ಬಂದ್. ಬೆಳಿಗ್ಗೆಯಿಂದ ಹೊರಗಡೆ ಬೀಗ ಇದೆ, ಎಸ್ಟೇಟಿನವರೆಲ್ಲ ನೋಡಿದಾರೆ. ಇಲ್ಲಿ ಯಾರೂ ಇಲ್ಲ."